ಹದಿನಾಲ್ಕು ದಿನಗಳ ಗಡುವು

ರಾಜ್ಯೋತ್ಸವದ ಊಟದ ಸಾಲಿನಲ್ಲಿ ಕೇಳಿಸಿಕೊಂಡ ಒಂದು ಮಾತಿಗೆ ಅಲ್ಲೇ ಉತ್ತರ ಕೊಡದೆ ಬಂದೆನೆಂಬ ಅಳುಕು ನನ್ನನ್ನು ಇನ್ನೂ ಬಿಟ್ಟಿಲ್ಲ. ನಾನಿರುವುದು ಉತ್ತರ ಜರ್ಮನಿಯ ಒಂದು ಊರಿನಲ್ಲಿ. ಪೌರತ್ವದ ಅರ್ಜಿ, ಮಕ್ಕಳ ಶಾಲೆ, ಮನೆಬಾಡಿಗೆ ಎಂದು ಸಾಗುತ್ತಿದ್ದ ಮಾತು ಮೆಡಿಟರೇನಿಯನ್ ಸಮುದ್ರದ ದೋಣಿಗಳ ಕಡೆಗೆ ಹೊರಳಿತು. "ನಾವು ಕಾನೂನುಬದ್ಧವಾಗಿ ಬಂದವರು, ಅವರ ಹಾಗೆ ನುಗ್ಗಿದವರಲ್ಲ. ಅವರಿಂದಾಗಿ ನಮಗೂ ಕೆಟ್ಟ ಹೆಸರು," ಎಂದರು ಒಬ್ಬರು. ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. ಹಾಗೆಂದವರು ಕೆಟ್ಟವರಲ್ಲ, ತಮ್ಮೂರಿನ ಸರ್ಕಾರಿ ಶಾಲೆಗೆ ಪ್ರತಿವರ್ಷ ಹಣ ಕಳಿಸುವವರು, ವಚನಗಳನ್ನು ಬಾಯಿಪಾಠ ಹೇಳಬಲ್ಲವರು. ಆದ್ದರಿಂದಲೇ ಈ ಮಾತನ್ನು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಆ ವಾಕ್ಯದ "ಅವರು" ಎಂದರೆ ಆಫ್ರಿಕಾದವರು. ಅದರಲ್ಲೂ ಪಶ್ಚಿಮ ಆಫ್ರಿಕಾದವರು. ಆ ವಾಕ್ಯದ ಹಿಂದೆ ಎರಡು ನಂಬಿಕೆಗಳಿವೆ. ಇಡೀ ಆಫ್ರಿಕಾ ಯುರೋಪಿನ ಬಾಗಿಲಿಗೆ ಬಂದು ನಿಂತಿದೆ ಎಂಬುದು ಮೊದಲನೆಯದು. ವಲಸಿಗರಲ್ಲಿ ಸಕ್ರಮ, ಅಕ್ರಮ ಎಂಬ ಎರಡು ಜಾತಿಗಳಿವೆ, ನಾವು ಮೇಲಿನ ಜಾತಿಯವರು ಎಂಬುದು ಎರಡನೆಯದು. ಎರಡೂ ಸುಳ್ಳು ಎಂಬುದನ್ನು ಒಂದೇ ಒಂದು ದೇಶದ ಚರಿತ್ರೆಯಿಂದ ತೋರಿಸಬಹುದು. ಆ ದೇಶ ಘಾನಾ. ಒಂದೇ ತಲೆಮಾರಿನ ಅವಧಿಯಲ್ಲಿ ಅದು ಜನರನ್ನು ಕರೆಸಿಕೊಂಡಿತು, ಹೊರದಬ್ಬಿತು, ತನ್ನವರನ್ನು ಹೊರದಬ್ಬಿಸಿಕೊಂಡಿತು, ಮತ್ತೆ ಕಳಿಸಿತು.

ಮೊದಲು ಸಂಖ್ಯೆಯ ವಿಷಯ. ಪಶ್ಚಿಮ ಆಫ್ರಿಕಾದಲ್ಲಿ ಹುಟ್ಟಿದ ದೇಶವನ್ನು ಬಿಟ್ಟು ಬದುಕುತ್ತಿರುವವರಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಮಂದಿ ಇರುವುದು ಪಶ್ಚಿಮ ಆಫ್ರಿಕಾದಲ್ಲಿಯೇ. ಬುರ್ಕಿನಾ ಫಾಸೊದವರು ಐವರಿ ಕೋಸ್ಟಿನ ಕೋಕೋ ತೋಟಗಳಲ್ಲಿದ್ದಾರೆ, ಟೋಗೋದವರು ಘಾನಾದಲ್ಲಿದ್ದಾರೆ, ಘಾನಾದವರು ನೈಜೀರಿಯಾದಲ್ಲಿದ್ದಾರೆ. ಯುರೋಪಿನ ಟಿ.ವಿ.ಗಳು ತೋರಿಸುವ ದೋಣಿ ಈ ಚಲನೆಯ ಒಂದು ಸಣ್ಣ ಅಂಚು ಮಾತ್ರ. ಬಡವರಿಗೆ ಆಶ್ರಯ ಕೊಟ್ಟವರಲ್ಲಿ ಮೊದಲಿಗರು ನೆರೆಯ ಬಡವರೇ ಎಂಬುದು ಅಲ್ಲಿಯೂ ನಿಜ.

ಘಾನಾ ಎಂಬ ದೇಶವೇ ವಲಸೆಯ ಮೇಲೆ ನಿಂತದ್ದು. ಗೋಲ್ಡ್ ಕೋಸ್ಟ್ ಎಂಬ ಹೆಸರಿನ ಬ್ರಿಟಿಷ್ ವಸಾಹತಾಗಿದ್ದಾಗ ಅಲ್ಲಿಗೆ ಕೋಕೋ ಬಂತು. ಟೆಟ್ಟೆ ಕ್ವಾರ್ಷಿ ಎಂಬ ಕಮ್ಮಾರ 1879ರಲ್ಲಿ ಫರ್ನಾಂಡೊ ಪೋ ದ್ವೀಪದಿಂದ ತಂದ ಬೀಜಗಳ ಕಥೆಯನ್ನು ಅಲ್ಲಿನ ಪ್ರತಿ ಮಗುವೂ ಶಾಲೆಯಲ್ಲಿ ಓದುತ್ತದೆ. 1911ರ ಹೊತ್ತಿಗೆ ಆ ಪುಟ್ಟ ವಸಾಹತು ಜಗತ್ತಿನ ಅತಿ ದೊಡ್ಡ ಕೋಕೋ ಉತ್ಪಾದಕ. ಅದನ್ನು ಬೆಳೆದವರು ಯಾರು? ಪಾಲಿ ಹಿಲ್ ಎಂಬ ವಿದ್ವಾಂಸೆ 1963ರಲ್ಲಿ ಪ್ರಕಟಿಸಿದ ಅಧ್ಯಯನದ ಹೆಸರಿನಲ್ಲಿಯೇ ಉತ್ತರವಿದೆ: ವಲಸಿಗ ಕೋಕೋ ರೈತರು. ಅಕ್ವಾಪಿಮ್ ಬೆಟ್ಟಸಾಲಿನವರು, ಕ್ರೋಬೋ ಜನರು ತಮ್ಮ ಊರು ಬಿಟ್ಟು ಪಶ್ಚಿಮಕ್ಕೆ ನಡೆದು, ಅಕಿಮ್ ಮುಖ್ಯಸ್ಥರಿಂದ ಕಾಡು ಕೊಂಡು, ಕಡಿದು, ತೋಟ ಮಾಡಿದರು. ನಾವು "ಸ್ಥಳೀಯ" ಎಂದು ಕರೆಯುವ ರೈತನೇ ಅಲ್ಲಿ ವಲಸೆ ಬಂದವನು. ಅವನ ತೋಟದಲ್ಲಿ ದುಡಿಯಲು ಬಂದವರು ಉತ್ತರದ ಒಣಸೀಮೆಯವರು, ಅಪ್ಪರ್ ವೋಲ್ಟಾದ ಮೊಸ್ಸಿಗಳು, ಟೋಗೋದ ಕೊಟೊಕೊಲಿಗಳು. ಫ್ರೆಂಚ್ ವಸಾಹತುಗಳ ಬಿಟ್ಟಿ ದುಡಿಮೆಯಿಂದ ತಪ್ಪಿಸಿಕೊಳ್ಳಲು ಗಡಿ ದಾಟಿದವರೂ ಅವರಲ್ಲಿದ್ದರು. ಪೇಟೆಗಳಲ್ಲಿ ನೈಜೀರಿಯಾದ ಯೊರುಬಾ ಹೆಂಗಸರು, ಹೌಸಾ ದನದ ವ್ಯಾಪಾರಿಗಳು ಸರಕು ಸಾಗಿಸಿದರು. ಸಿಂಧಿ ಮತ್ತು ಲೆಬನಾನಿ ವರ್ತಕರು ಅಂಗಡಿ ತೆರೆದರು.

ಇವರು ದಾಟಿದ ಗಡಿಯಾದರೂ ಎಂಥದು? ಇವೆ ಭಾಷೆಯನ್ನಾಡುವ ಜನರ ನಾಡನ್ನು ಮೊದಲ ಮಹಾಯುದ್ಧದ ನಂತರ ಬ್ರಿಟನ್ ಮತ್ತು ಫ್ರಾನ್ಸ್ ಹಂಚಿಕೊಂಡವು. ಇಂದಿಗೂ ಅಫ್ಲಾವೊ ಎಂಬ ಘಾನಾದ ಪಟ್ಟಣದ ಬೀದಿ ಮುಗಿಯುವಲ್ಲಿ ಟೋಗೋದ ರಾಜಧಾನಿ ಲೋಮೆ ಶುರುವಾಗುತ್ತದೆ. ಅಣ್ಣ ಘಾನಾದವನು, ತಮ್ಮ ಟೋಗೋದವನು. ಲಂಡನ್ನು ಪ್ಯಾರಿಸ್ಸುಗಳ ಮೇಜಿನ ಮೇಲೆ ಎಳೆದ ಗೆರೆಯನ್ನು ದಾಟಿ ಅಕ್ಕನ ಮನೆಗೆ ಹೋಗುವುದನ್ನು ವಲಸೆ ಎಂದು ಕರೆಯಬೇಕಾದ ಸ್ಥಿತಿ ವಸಾಹತುಶಾಹಿಯ ಸೃಷ್ಟಿ.

1960ರ ಜನಗಣತಿಯಲ್ಲಿ ಘಾನಾದ ಜನಸಂಖ್ಯೆಯ ಸುಮಾರು ಶೇ. 12ರಷ್ಟು ಮಂದಿ ವಿದೇಶಿ ಮೂಲದವರೆಂದು ದಾಖಲಾಯಿತು. ಅವರಲ್ಲಿ ಅನೇಕರು ಘಾನಾದಲ್ಲಿಯೇ ಹುಟ್ಟಿದವರು. ಅದು ಎನ್ಕ್ರುಮಾ ಆಳುತ್ತಿದ್ದ ಕಾಲ, ಅಖಿಲ ಆಫ್ರಿಕಾದ ಕನಸಿನ ಕಾಲ. ಆಮೇಲೆ ಕೋಕೋ ಬೆಲೆ ಕುಸಿಯಿತು, ಸಾಲ ಬೆಳೆಯಿತು, ಸೇನೆ 1966ರಲ್ಲಿ ಎನ್ಕ್ರುಮಾರನ್ನು ಇಳಿಸಿತು. 1969ರ ಚುನಾವಣೆಯಲ್ಲಿ ಗೆದ್ದವರು ಕೋಫಿ ಬುಸಿಯಾ. ಗೆದ್ದು ಮೂರು ತಿಂಗಳು ತುಂಬುವ ಮೊದಲೇ, 1969ರ ನವೆಂಬರ್ 18ರಂದು, ಅವರ ಸರ್ಕಾರ ಪರಕೀಯರ ಕುರಿತ ಆಜ್ಞೆಯೊಂದನ್ನು ಹೊರಡಿಸಿತು. ವಾಸದ ಪರವಾನಗಿ ಇಲ್ಲದವರು ಎರಡು ವಾರಗಳಲ್ಲಿ ಅದನ್ನು ಪಡೆಯಬೇಕು, ಇಲ್ಲವೇ ದೇಶ ಬಿಡಬೇಕು. ಹದಿನಾಲ್ಕು ದಿನ.

ಪರವಾನಗಿ ಎಂಬುದೊಂದು ಇದೆಯೆಂದೇ ಆ ಜನರಲ್ಲಿ ಬಹುಪಾಲು ಮಂದಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಕುಮಾಸಿಯ ಪೇಟೆಯಲ್ಲಿ ಬಟ್ಟೆ ಮಾರಿದವಳು ನವೆಂಬರ್ 17ರಂದು ನೆರೆಯವಳಾಗಿದ್ದಳು, 18ರಂದು ಪರಕೀಯಳಾದಳು. ಅವಳು ಕಳ್ಳದಾರಿ ಹಿಡಿದು ಬಂದವಳಲ್ಲ. ಅವಳು ಬಂದಾಗ ಆ ದಾರಿ ಎಲ್ಲರ ದಾರಿಯಾಗಿತ್ತು. ಅವಳು ಏನೂ ಮಾಡಲಿಲ್ಲ, ಎಲ್ಲಿಗೂ ಹೋಗಲಿಲ್ಲ. ಅವಳ ಕಾಲ ಕೆಳಗಿನ ಕಾನೂನು ಮಾತ್ರ ಬದಲಾಯಿತು. ಲಕ್ಷಾಂತರ ಜನರು ಮಾಲು ಸಿಕ್ಕ ಬೆಲೆಗೆ ಮಾರಿ, ಲಾರಿ ಹತ್ತಿ ಪೂರ್ವಕ್ಕೂ ಉತ್ತರಕ್ಕೂ ಹೊರಟರು. ನೈಜೀರಿಯಾದವರು ಹಿಂದಿರುಗಿದ್ದು ಬಯಾಫ್ರಾ ಯುದ್ಧದ ನಡುವಿದ್ದ ದೇಶಕ್ಕೆ. 1970ರ ಜನಗಣತಿಯಲ್ಲಿ ವಿದೇಶಿ ಮೂಲದವರ ಪಾಲು ಶೇ. 6.6ಕ್ಕೆ ಇಳಿದಿತ್ತು.

ಬುಸಿಯಾ ಯಾರೆಂಬುದನ್ನು ನಾವು, ಅಂದರೆ ಹೊರದೇಶದಲ್ಲಿ ಪದವಿ ಪಡೆದವರು, ಮರೆಯಬಾರದು. ಅವರು ಆಕ್ಸ್‌ಫರ್ಡಿನಲ್ಲಿ ಡಾಕ್ಟರೇಟ್ ಪಡೆದ ಸಮಾಜಶಾಸ್ತ್ರಜ್ಞ. ಸೆಕೊಂಡಿ-ತಕೊರಾಡಿ ಎಂಬ ಬಂದರು ನಗರದ ದುಡಿಯುವ ಜನರ ಬದುಕನ್ನು ಸಮೀಕ್ಷೆ ಮಾಡಿ 1950ರಲ್ಲಿ ವರದಿ ಬರೆದವರು. ಎನ್ಕ್ರುಮಾ ಕಾಲದಲ್ಲಿ ದೇಶಭ್ರಷ್ಟರಾಗಿ ಹಾಲೆಂಡ್ ಮತ್ತು ಇಂಗ್ಲೆಂಡಿನಲ್ಲಿ ಪಾಠ ಹೇಳಿ ಬದುಕಿದವರು. ಆ ಆಜ್ಞೆ ಹೊರಟದ್ದು ಓದಿಲ್ಲದವನ ದ್ವೇಷದಿಂದಲ್ಲ. ಪರದೇಶದ ಅನ್ನ ಉಂಡ ವಿದ್ವಾಂಸನ ಸರ್ಕಾರದಿಂದ. ವಿದ್ಯೆಯಾಗಲಿ, ಸ್ವಂತ ವಲಸೆಯ ಅನುಭವವಾಗಲಿ ತಾನಾಗಿಯೇ ಯಾರನ್ನೂ ಕರುಣಾಳುವನ್ನಾಗಿ ಮಾಡುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಹತ್ತಿದ ಏಣಿಯನ್ನು ಒದೆಯುವುದು ಎನ್ನುತ್ತಾರೆ.

ಹೊರದಬ್ಬಿದ್ದರಿಂದ ಘಾನಾಕ್ಕೆ ಏನು ದಕ್ಕಿತು? ನಿರುದ್ಯೋಗ ನೀಗುತ್ತದೆ, ವ್ಯಾಪಾರ ನಮ್ಮವರ ಕೈಗೆ ಬರುತ್ತದೆ ಎಂದು ಹೇಳಲಾಗಿತ್ತು. ಕೋಕೋ ತೋಟಗಳಲ್ಲಿ ಕೂಲಿಯಾಳುಗಳಿಗೆ ಬರ ಬಂತು. ಹಳ್ಳಿಯಿಂದ ಹಳ್ಳಿಗೆ ಸರಕು ಒಯ್ಯುತ್ತಿದ್ದ ವ್ಯಾಪಾರದ ಜಾಲ ಹರಿಯಿತು. ಎರಡು ವರ್ಷಗಳಲ್ಲಿ, ಡಿಸೆಂಬರ್ 1971ರಲ್ಲಿ, ಸರ್ಕಾರ ಸೀಡಿ ನಾಣ್ಯದ ಮೌಲ್ಯವನ್ನು ತೀವ್ರವಾಗಿ ಇಳಿಸಬೇಕಾಯಿತು. ಮರುತಿಂಗಳೇ ಸೇನೆ ಬುಸಿಯಾರನ್ನು ಪದಚ್ಯುತಗೊಳಿಸಿತು. ಚಿಕಿತ್ಸೆಗೆಂದು ಲಂಡನ್ನಿಗೆ ಹೋಗಿದ್ದ ಅವರು 1978ರಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು, ಪರದೇಶಿಯಾಗಿಯೇ. ಅರವತ್ತರ ದಶಕದ ನಡುವಿನಲ್ಲಿ ವರ್ಷಕ್ಕೆ ಐದು ಲಕ್ಷ ಟನ್ನು ದಾಟಿದ್ದ ಕೋಕೋ ಉತ್ಪಾದನೆ 1983-84ರ ಹೊತ್ತಿಗೆ ಒಂದು ಲಕ್ಷ ಅರವತ್ತು ಸಾವಿರ ಟನ್ನಿನ ಆಸುಪಾಸಿಗೆ ಇಳಿಯಿತು. ಈ ಕುಸಿತಕ್ಕೆ ಗಡೀಪಾರೊಂದೇ ಕಾರಣವಲ್ಲ. ರೈತನಿಗೆ ಸರ್ಕಾರ ಕೊಟ್ಟ ಜುಜುಬಿ ಬೆಲೆ, ಮುದಿಯಾದ ಮರಗಳು, ಬರ, ಕಾಳ್ಗಿಚ್ಚು ಎಲ್ಲವೂ ಸೇರಿದ್ದವು. ಆದರೆ ದುಡಿಯುವ ಕೈಗಳನ್ನು ಓಡಿಸಿ ಯಾವ ತೋಟವೂ ಉದ್ಧಾರವಾಗಲಿಲ್ಲ.

ಆಮೇಲೆ ದಿಕ್ಕು ತಿರುಗಿತು. 1973ರಲ್ಲಿ ತೈಲದ ಬೆಲೆ ಏರಿದಾಗ ನೈಜೀರಿಯಾ ಶ್ರೀಮಂತವಾಯಿತು, ಘಾನಾ ಬಡವಾಯಿತು. 1976ರಲ್ಲಿ ನೈಜೀರಿಯಾ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಎಂದು ಘೋಷಿಸಿತು; ಕಲಿಸಲು ಮೇಷ್ಟರುಗಳಿರಲಿಲ್ಲ. ಘಾನಾದ ಶಿಕ್ಷಕರು ಹೊರಟರು. ಅವರ ಹಿಂದೆ ಗಾರೆಯವರು, ಬಡಗಿಗಳು, ದರ್ಜಿಗಳು, ಮನೆಗೆಲಸದ ಹೆಣ್ಣುಮಕ್ಕಳು ಹೊರಟರು. ಅದೇ ಕಾಲದಲ್ಲಿ ಭಾರತದಿಂದಲೂ ಸಾವಿರಾರು ಶಿಕ್ಷಕರು ಕರಾರುಪತ್ರ ಹಿಡಿದು ನೈಜೀರಿಯಾದ ಶಾಲೆಗಳಿಗೆ ಹೋದರು. ನಮ್ಮಲ್ಲಿ ಕೆಲವರ ಅಪ್ಪ ಅಮ್ಮಂದಿರೂ ಅವರಲ್ಲಿದ್ದಾರು. 1979ರಲ್ಲಿ ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟ ಇಕೋವಾಸ್, ಸದಸ್ಯ ದೇಶಗಳ ಜನರು ವೀಸಾ ಇಲ್ಲದೆ 90 ದಿನ ಎಲ್ಲಿ ಬೇಕಾದರೂ ಇರಬಹುದೆಂಬ ಒಪ್ಪಂದಕ್ಕೆ ಸಹಿ ಹಾಕಿತು. ಯುರೋಪಿನ ಷೆಂಗೆನ್ ಒಪ್ಪಂದಕ್ಕಿಂತ ಆರು ವರ್ಷ ಮೊದಲು ಎಂಬುದನ್ನು ಗಮನಿಸಬೇಕು.

ಎಂಬತ್ತರ ದಶಕದ ಆರಂಭದಲ್ಲಿ ತೈಲದ ಬೆಲೆ ಬಿತ್ತು. ಚುನಾವಣೆಯ ವರ್ಷ ಬಂತು. 1983ರ ಜನವರಿ 17ರಂದು ಶಗಾರಿ ಸರ್ಕಾರ, ಕಾಗದಪತ್ರವಿಲ್ಲದ ವಿದೇಶಿಯರೆಲ್ಲ ದೇಶ ಬಿಡಬೇಕೆಂದು ಘೋಷಿಸಿತು. ಗಡುವು? ಮತ್ತೆ ಹದಿನಾಲ್ಕು ದಿನ. ಸುಮಾರು 20 ಲಕ್ಷ ಜನರ ಮೇಲೆ ಈ ಬರೆ ಬಿತ್ತು. ಅವರಲ್ಲಿ ಅರ್ಧದಷ್ಟು ಮಂದಿ ಘಾನಾದವರು. ರಾಲಿಂಗ್ಸ್ ಸರ್ಕಾರ ಟೋಗೋ ಜೊತೆಗಿನ ಗಡಿಯನ್ನು ಹಿಂದಿನ ವರ್ಷವೇ ಮುಚ್ಚಿತ್ತು. ಹೀಗಾಗಿ ಟೋಗೋ ತನ್ನ ಗಡಿ ಮುಚ್ಚಿತು, ಬೆನಿನ್ ತನ್ನದನ್ನು ಮುಚ್ಚಿತು. ಹಿಂದೆ ನೈಜೀರಿಯಾದ ಪೊಲೀಸರು, ಮುಂದೆ ಮುಚ್ಚಿದ ಗೇಟುಗಳು; ನಡುವೆ ಲಕ್ಷಾಂತರ ಜನ ಲಾಗೋಸಿನ ಬಂದರಿನಲ್ಲಿ, ಸೇಮೆ ಗಡಿಯ ಬಯಲಿನಲ್ಲಿ ನೀರಿಲ್ಲದೆ ಕಾದರು. ಕೊನೆಗೆ ಘಾನಾ ಗಡಿ ತೆರೆಯಿತು. ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜನರಿದ್ದ, ಬರದಿಂದ ಬೆಂದ ದೇಶಕ್ಕೆ ಕೆಲವೇ ವಾರಗಳಲ್ಲಿ ಹತ್ತು ಲಕ್ಷದಷ್ಟು ಜನ ಮರಳಿದರು. ಆ ವರ್ಷ ಹಸಿವಿನಿಂದ ಎದ್ದು ಕಂಡ ಕೊರಳೆಲುಬಿಗೆ ಘಾನಾದ ಜನ "ರಾಲಿಂಗ್ಸ್ ಸರ" ಎಂದು ಹೆಸರಿಟ್ಟಿದ್ದರು. ಹಾಗಿದ್ದೂ ಹಳ್ಳಿಗಳು ಬಂದವರನ್ನು ಒಳಗೆ ಕರೆದುಕೊಂಡವು.

ಅವಸರದಲ್ಲಿ ಬದುಕನ್ನು ತುಂಬಿಕೊಳ್ಳಲು ಅವರು ಕೊಂಡದ್ದು ಚೌಕಳಿ ಗೆರೆಗಳ ಅಗ್ಗದ ಪ್ಲಾಸ್ಟಿಕ್ ಚೀಲ. ನೈಜೀರಿಯಾದಲ್ಲಿ ಆ ಚೀಲಕ್ಕೆ ಇಂದಿಗೂ "ಘಾನಾ ಮಸ್ಟ್ ಗೋ" ಎಂದೇ ಹೆಸರು. ಘಾನಾದವರು ತೊಲಗಲಿ ಎಂಬ ಘೋಷಣೆಯೇ ಚೀಲದ ಹೆಸರಾಗಿ ಉಳಿದಿದೆ. ಅದೇ ಚೀಲವನ್ನು ಜರ್ಮನಿಯಲ್ಲಿ ತುರ್ಕರ ಸೂಟ್‌ಕೇಸ್ ಎಂದು ಹೀಗಳೆದದ್ದುಂಟು. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಬಸ್ಸು ಇಳಿಯುವವರ ತಲೆಯ ಮೇಲೂ ಅದನ್ನು ಕಂಡಿದ್ದೇವೆ. ಆ ಚೀಲಕ್ಕೆ ಮಾತ್ರ ಯಾರೂ ವೀಸಾ ಕೇಳಿಲ್ಲ.

ನೈಜೀರಿಯಾಕ್ಕೆ ಏನು ದಕ್ಕಿತು? ಶಗಾರಿ ಚುನಾವಣೆಯನ್ನೇನೋ ಗೆದ್ದರು. ಅದೇ ವರ್ಷದ ಡಿಸೆಂಬರ್ 31ರಂದು ಸೇನೆ ಅವರನ್ನು ಇಳಿಸಿತು. ಸೇನಾ ಸರ್ಕಾರ 1985ರಲ್ಲಿ ಮತ್ತೊಮ್ಮೆ ವಿದೇಶಿಯರನ್ನು ಓಡಿಸಿತು. ತೈಲದ ಬೆಲೆ ಏರಲಿಲ್ಲ, ಸಾಲ ಇಳಿಯಲಿಲ್ಲ. ಇಂದು ನೈಜೀರಿಯಾದ ಯುವಜನರೇ ಗಂಟುಮೂಟೆ ಕಟ್ಟಿ ಎಲ್ಲ ದಿಕ್ಕಿಗೂ ಹೊರಟಿದ್ದಾರೆ.

ಈ ಎರಡು ಗಡುವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪ್ರಭುತ್ವದ ಸೂತ್ರ ಸ್ಪಷ್ಟವಾಗುತ್ತದೆ. ಏರುಗಾಲದಲ್ಲಿ ದುಡಿಮೆಗೆ ಜನ ಬೇಕು. ಆಗ ಯಾರೂ ಕಾಗದ ಕೇಳುವುದಿಲ್ಲ. ಇಳಿಗಾಲದಲ್ಲಿ ಹೊಣೆ ಹೊರಿಸಲು ಜನ ಬೇಕು. ಆಗ ಕಾಗದ ಕೇಳಲಾಗುತ್ತದೆ. ಅಕ್ರಮ ವಲಸಿಗ ಗಡಿಯಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ಗೆಜೆಟ್ಟಿನಲ್ಲಿ ಹುಟ್ಟುತ್ತಾನೆ. ನಮ್ಮ ಹಳ್ಳಿಗಳಲ್ಲಿ "ಪರದೇಶಿ" ಎಂಬ ಮಾತಿಗೆ ಎರಡು ಅರ್ಥಗಳಿವೆ: ಹೊರನಾಡಿನವನು, ಮತ್ತು ಹೇಳುವವರು ಕೇಳುವವರು ಇಲ್ಲದವನು. ಮೊದಲನೆಯ ಅರ್ಥದ ಪರದೇಶಿಯನ್ನು ಎರಡನೆಯ ಅರ್ಥದ ಪರದೇಶಿಯನ್ನಾಗಿಸಲು ಒಂದು ಸರ್ಕಾರಕ್ಕೆ ಹದಿನಾಲ್ಕು ದಿನ ಸಾಕು.

"ಸರಿಯಾದ ದಾರಿಯಲ್ಲಿ ಬರಲಿ" ಎನ್ನುವವರು ಆ ದಾರಿ ಯಾರಿಗೆ ತೆರೆದಿದೆ ಎಂಬುದನ್ನೂ ನೋಡಬೇಕು. ಘಾನಾದಿಂದ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವ ಹತ್ತು ಮಂದಿಯಲ್ಲಿ ನಾಲ್ವರಿಗಿಂತ ಹೆಚ್ಚು ಜನರಿಗೆ ನಿರಾಕರಣೆಯೇ ಉತ್ತರ. 90 ಯೂರೋ ಶುಲ್ಕ ಮರಳಿ ಬರುವುದಿಲ್ಲ. ಕುಮಾಸಿಯ ವೆಲ್ಡರ್‌ಗೆ ಬ್ಲೂ ಕಾರ್ಡಿಲ್ಲ. ಆದರೆ ಕುಮಾಸಿಯ ದಾದಿಗೆ ಬಾಗಿಲು ತೆರೆದೇ ಇದೆ. ಆರೋಗ್ಯ ಸಿಬ್ಬಂದಿಯ ಕೊರತೆಯಿಂದ ನರಳುವ 55 ದೇಶಗಳೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಗುರುತಿಸಿದ ಪಟ್ಟಿಯಲ್ಲಿ ಘಾನಾ ಇದೆ; ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಘಾನಾದ ದಾದಿಯರೂ ಇದ್ದಾರೆ. ಇದನ್ನು ಕಂಡು ನಮ್ಮ ಕೆಲವು ಎಡಪಂಥೀಯ ಗೆಳೆಯರು "ದಾದಿಯರನ್ನು ತಡೆಯಬೇಕು" ಎನ್ನುತ್ತಾರೆ. ತರಬೇತಿ ಮುಗಿಸಿದ ದಾದಿಯರು ನೇಮಕಾತಿಗಾಗಿ ವರ್ಷಗಟ್ಟಲೆ ಕಾಯುವುದೂ ಅದೇ ಘಾನಾದಲ್ಲಿ ಎಂಬುದು ಅವರಿಗೆ ತಿಳಿಯದು. ಸಂಬಳ ಕೊಡಲು ಖಜಾನೆಯಲ್ಲಿ ಹಣವಿಲ್ಲ; ಡಿಸೆಂಬರ್ 2022ರಲ್ಲಿ ಘಾನಾ ಬಹುಪಾಲು ವಿದೇಶಿ ಸಾಲದ ಕಂತನ್ನೇ ನಿಲ್ಲಿಸಿತು, ಹಣದುಬ್ಬರ ಶೇ. 54 ಮುಟ್ಟಿತ್ತು. ಸಾಲದ ಕುಣಿಕೆಯನ್ನು ಬಿಟ್ಟು ದಾದಿಯ ಕಾಲನ್ನು ಕಟ್ಟುವುದು ಯಾವ ನ್ಯಾಯ?

ಘಾನಾವನ್ನು ಬರೀ ಬಲಿಪಶುವೆಂದು ಚಿತ್ರಿಸುವ ಉದ್ದೇಶ ನನಗಿಲ್ಲ. 2019ರಲ್ಲಿ, ಗುಲಾಮರ ಹಡಗು ವರ್ಜೀನಿಯಾ ಮುಟ್ಟಿ 400 ವರ್ಷವಾದ ನೆನಪಿಗೆ, ಅದು ಕರಿಯ ಅಮೆರಿಕನ್ನರನ್ನು "ಮರಳಿ ಬನ್ನಿ" ಎಂದು ಕರೆಯಿತು. ನೂರಕ್ಕೂ ಹೆಚ್ಚು ಮಂದಿಗೆ ಪೌರತ್ವ ಕೊಟ್ಟಿತು. ಅದು ಚರಿತ್ರೆಯ ಗಾಯಕ್ಕೆ ಮಾಡಿದ ಗೌರವ, ಒಪ್ಪೋಣ. ಅದೇ ವರ್ಷ ನೈಜೀರಿಯಾದ ಚಿಲ್ಲರೆ ವ್ಯಾಪಾರಿಗಳ ಅಂಗಡಿಗಳಿಗೆ ಬೀಗ ಬಿತ್ತು. 2025ರ ಜುಲೈನಲ್ಲಿ "ನೈಜೀರಿಯಾದವರು ತೊಲಗಲಿ" ಎಂಬ ಫಲಕಗಳು ಅಕ್ರಾದ ಬೀದಿಗಿಳಿದವು. ಎರಡು ತಿಂಗಳಲ್ಲಿ ಇನ್ನೊಂದು ಬೆಳವಣಿಗೆ. ಸೆಪ್ಟೆಂಬರಿನಲ್ಲಿ ಅಮೆರಿಕ ತಾನು ಗಡೀಪಾರು ಮಾಡಿದ 14 ಮಂದಿಯನ್ನು ಘಾನಾಕ್ಕೆ ಕಳಿಸಿತು. ಅವರು ಘಾನಾದವರಲ್ಲ, ನೆರೆದೇಶಗಳವರು. ಅವರಲ್ಲಿ ಕೆಲವರನ್ನು ತವರಿಗೆ ಕಳಿಸಕೂಡದೆಂದು ಅಮೆರಿಕದ ನ್ಯಾಯಾಧೀಶರೇ ಆದೇಶಿಸಿದ್ದರು. ಪಶ್ಚಿಮ ಆಫ್ರಿಕಾದವರಿಗೆ ನಮ್ಮಲ್ಲಿ ವೀಸಾ ಬೇಕಿಲ್ಲವಲ್ಲ ಎಂದು ಅಧ್ಯಕ್ಷ ಮಹಾಮ ಸಮರ್ಥಿಸಿಕೊಂಡರು. ಆ ತಿಂಗಳು ಮುಗಿಯುವ ಹೊತ್ತಿಗೆ ಘಾನಾದವರ ಮೇಲಿನ ಅಮೆರಿಕದ ವೀಸಾ ನಿರ್ಬಂಧ ಸಡಿಲವಾಯಿತು. ನೆರೆಯವನು ಬಂದು ಹೋಗಲೆಂದು 1979ರಲ್ಲಿ ತೆರೆದ ಬಾಗಿಲು 2025ರಲ್ಲಿ ನೆರೆಯವನನ್ನು ಎಸೆಯುವ ಕಿಂಡಿಯಾಯಿತು.

"ಹಾಗಾದರೆ ಗಡಿಯೇ ಬೇಡವೇ? ಸ್ಥಳೀಯ ಬಡವನ ಹೊಟ್ಟೆಪಾಡೇನು?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಕ್ರಾದ ಸಣ್ಣ ವ್ಯಾಪಾರಿಯ ಸಂಕಟ ಸುಳ್ಳಲ್ಲ. ಬಾಡಿಗೆ ಏರಿದೆ, 2022ರಲ್ಲಿ ಸೀಡಿ ಕುಸಿದಿತ್ತು. ಆದರೆ ಆ ಸಾಲವನ್ನು ತಂದವನು ಪಕ್ಕದ ಮಳಿಗೆಯ ನೈಜೀರಿಯನ್ನನಲ್ಲ. ಒಂದು ಸರ್ಕಾರ ಒಳಬರುವವರನ್ನು ನೋಂದಾಯಿಸಲಿ, ನಿಯಮ ಮಾಡಲಿ; ಆ ನಿಯಮ ನೆಲೆಸಿದವನಿಗೆ ನೆಲೆಯನ್ನು ಕೊಡಲಿ, ಕೂಲಿಗೆ ಕನಿಷ್ಠ ದರವನ್ನು ಕೊಡಲಿ. ಕೂಲಿಯನ್ನು ಇಳಿಸುವುದು ವಲಸಿಗನಲ್ಲ, ವಲಸಿಗನ ಭಯ. ನಾಳೆ ಗಡೀಪಾರಾಗಬಹುದಾದವನು ಮಾತ್ರ ಅರ್ಧ ಕೂಲಿಗೆ ದುಡಿಯುತ್ತಾನೆ, ಅದು ಮಾಲೀಕನಿಗೆ ಚೆನ್ನಾಗಿ ಗೊತ್ತು.

ಈಗ ನಮ್ಮ ವಿಷಯ. ನಾವು "ಕಾನೂನುಬದ್ಧ" ಎಂದು ಎದೆಯುಬ್ಬಿಸುವುದು ಯಾವ ಆಧಾರದ ಮೇಲೆ? ಜರ್ಮನಿ 2000ರಲ್ಲಿ ಗಣಕ ತಜ್ಞರಿಗೆ ಗ್ರೀನ್ ಕಾರ್ಡ್ ಘೋಷಿಸಿದಾಗ ಇಲ್ಲಿನ ಒಂದು ದೊಡ್ಡ ಪಕ್ಷದ ಪ್ರಚಾರದಲ್ಲಿ "ಭಾರತೀಯರ ಬದಲು ಮಕ್ಕಳು" ಎಂಬ ಪ್ರಾಸಬದ್ಧ ಘೋಷಣೆ ಮೆರೆಯಿತು. 2025ರ ಫೆಬ್ರವರಿಯಲ್ಲಿ ಕೈಕೋಳ ತೊಟ್ಟ ಭಾರತೀಯರನ್ನು ಹೊತ್ತ ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿಯಿತು. ಆ 14 ಮಂದಿ ಅಕ್ರಾ ತಲುಪಿದ ಸೆಪ್ಟೆಂಬರಿನಲ್ಲಿಯೇ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕವೆಂಬ ಘೋಷಣೆ ಹೊರಬಿತ್ತು. ರಜೆಗೆ ಊರಿಗೆ ಹೋಗಿದ್ದ ನಮ್ಮವರು ರಾತ್ರೋರಾತ್ರಿ ವಿಮಾನ ನಿಲ್ದಾಣಗಳಿಗೆ ಓಡಿದರು. ಅಂದು ಅವರಿಗೆ ಕುಮಾಸಿಯ ಬಟ್ಟೆ ವ್ಯಾಪಾರಿಯ ನವೆಂಬರ್ 18 ಏನೆಂಬುದು ಒಂದು ಗಳಿಗೆಯಾದರೂ ತಿಳಿದಿರಬೇಕು.

ತವರಿನಲ್ಲಿಯೂ ನಾವು ಇದೇ ಪಾಠವನ್ನು ಎದುರಿನ ಬದಿಯಿಂದ ಓದುತ್ತಿದ್ದೇವೆ. ಜನವರಿ 2016ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನವನೊಬ್ಬನ ಕಾರು ಒಬ್ಬ ಮಹಿಳೆಯನ್ನು ಬಲಿ ತೆಗೆದುಕೊಂಡಾಗ, ಅದಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿತು. ಜನವರಿ 2020ರಲ್ಲಿ ಬೆಳ್ಳಂದೂರಿನ ಬಳಿ "ಬಾಂಗ್ಲಾದೇಶಿಗಳು" ಎಂದು ಹೇಳಿ ಗುಡಿಸಲುಗಳನ್ನು ಕೆಡವಲಾಯಿತು. ಬೀದಿಗೆ ಬಿದ್ದವರಲ್ಲಿ ಅಸ್ಸಾಮಿನವರು, ತ್ರಿಪುರಾದವರು ಇದ್ದರು. ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕನ್ನಡಿಗರೂ ಇದ್ದರು. ಪರಕೀಯನನ್ನು ಹುಡುಕಹೊರಟ ಬುಲ್ಡೋಜರ್ ನಮ್ಮವರ ಸೂರನ್ನೂ ಬಿಡಲಿಲ್ಲ. ಹೈಕೋರ್ಟ್ ಮಧ್ಯೆ ಬರಬೇಕಾಯಿತು.

ಆದ್ದರಿಂದ ನನ್ನ ಬೇಡಿಕೆಗಳು ಸರಳ. ನಮ್ಮ ಕನ್ನಡ ಕೂಟಗಳ ವೇದಿಕೆಗಳಲ್ಲಿ "ನಾವು ಅವರಂತಲ್ಲ" ಎಂಬ ಮಾತು ಬಂದಾಗ ಯಾರಾದರೊಬ್ಬರು ಎದ್ದು ಆಕ್ಷೇಪಿಸಬೇಕು. ವೀಸಾ ಶುಲ್ಕ, ಕುಟುಂಬ ಮರುಸೇರ್ಪಡೆ, ಗಡೀಪಾರುಗಳ ವಿರುದ್ಧ ಇಲ್ಲಿನ ಆಫ್ರಿಕನ್ ಸಂಘಟನೆಗಳು ಸಭೆ ಕರೆದಾಗ ನಾವು ಹೋಗಬೇಕು. ಭಾರತೀಯರ ಅರ್ಜಿಗಳಿಗೆ ಮಾತ್ರ ವಿನಾಯಿತಿ ಕೇಳುವ ಮನವಿಪತ್ರಗಳಿಗೆ ಸಹಿ ಹಾಕಬಾರದು. ಮತ ಹಾಕುವ ಹಕ್ಕು ಪಡೆದವರು, ವಲಸಿಗರನ್ನು ಓಡಿಸುತ್ತೇವೆ ಎನ್ನುವ ಪಕ್ಷಗಳಿಗೆ ತೆರಿಗೆ ಕಡಿತದ ಆಸೆಗೆ ಮತ ಹಾಕಬಾರದು. ಊರಿನಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವವರು, ಆಫ್ರಿಕಾದ ವಿದ್ಯಾರ್ಥಿ ಬಂದು ಕೇಳಿದರೆ ಕೊಡುವಂತೆ ತಮ್ಮ ತಂದೆತಾಯಿಗೆ ಫೋನು ಮಾಡಿ ಹೇಳಬೇಕು.

ಘಾನಾದಲ್ಲಿ ಹೊರದೇಶದಿಂದ ಹಣ ಮಾಡಿಕೊಂಡು ಮರಳಿದವನನ್ನು "ಬರ್ಗರ್" ಎನ್ನುತ್ತಾರೆ. ಹ್ಯಾಂಬರ್ಗ್ ನಗರದ ಹೆಸರಿನ ಬಾಲ ಅದು; 1980ರ ದಶಕದಲ್ಲಿ ಅಲ್ಲಿಗೆ ಬಂದು ಬಂದರಿನಲ್ಲಿ, ಕಾರ್ಖಾನೆಗಳಲ್ಲಿ ದುಡಿದವರ ನೆನಪು. ನೈಜೀರಿಯಾ ಓಡಿಸಿದ ತಲೆಮಾರಿಗೆ ಸೇರಿದವರೇ ಅವರು. ಅವರು ಕಳಿಸಿದ ಹಣದಲ್ಲಿ ಕುಮಾಸಿಯಲ್ಲಿ ಮನೆಗಳೆದ್ದವು, ತಂಗಿಯರು ಓದಿದರು. ನಮ್ಮ ಮನೆಗಳೂ ಹಾಗೆಯೇ ಎದ್ದವು, ನಮ್ಮ ತಂಗಿಯರೂ ಹಾಗೆಯೇ ಓದಿದರು. ಮುಂದಿನ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಆ ಮಾತು ಮತ್ತೆ ಬಂದೇ ಬರುತ್ತದೆ. ಈ ಸಲ ನಾನು ತಟ್ಟೆ ಹಿಡಿದು ಸುಮ್ಮನೆ ನಿಲ್ಲುವುದಿಲ್ಲ.